ಮೂರು ಕರಟದ ಪಾಠ

ಜುಲೈ ತಿಂಗಳ ಒಂದು ಭಾನುವಾರ ಮಧ್ಯಾಹ್ನ. ಪಿರಿಯಾಪಟ್ಟಣದ ಹತ್ತಿರದ ಒಂದು ಊರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಯ ಜಗಲಿ. ಎದುರಿಗೆ ಪಕ್ಕದ ಮನೆಯವರ ಸೊಪ್ಪು ಹದ ಮಾಡುವ ಗೂಡಾದ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಬೇಯುತ್ತಿದೆ. ಮೇಷ್ಟ್ರು ಸೇವೆಯ ಬಹುಪಾಲನ್ನು ಎಚ್.ಡಿ. ಕೋಟೆ ತಾಲ್ಲೂಕಿನಲ್ಲೇ ಕಳೆದವರು. ಅವರನ್ನು ಹುಡುಕಿಕೊಂಡು ಬಂದಿರುವ ಟೀಚರ್ ಕೆ.ಆರ್. ನಗರದ ಕಡೆಯ ರೈತರ ಮನೆಯ ಹೆಣ್ಣುಮಗಳು. ಹುಣಸೂರು ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳ ಮೂಲಕ ಕಲಿಯುವ ನಲಿ–ಕಲಿ ತರಗತಿ ನೋಡಿಕೊಳ್ಳುತ್ತಾರೆ.

ಟೀಚರ್: ಸಾರ್, ಒಂದು ಪಾಠದಲ್ಲಿ ಸೋತು ಬಂದಿದೀನಿ. ಜೀವಿ–ನಿರ್ಜೀವಿ ಪಾಠ. ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ ಅಂದ್ಕೊಂಡಿದ್ದೆ.

ಮೇಷ್ಟ್ರು: ಅದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ ಕಣಮ್ಮ. ಏನಾಯ್ತು ಹೇಳು.

ಟೀಚರ್: ಬೋರ್ಡಿನ ಮೇಲೆ ನಡುವೆ ಗೆರೆ ಎಳೆದು ಎರಡು ಪಟ್ಟಿ ಮಾಡಿದೆ. ಹಸು, ಕೋಳಿ, ಮಾವಿನ ಮರ ಆ ಕಡೆ. ಕಲ್ಲು, ಬಳಪ, ಬಸ್ಸು ಈ ಕಡೆ. ಮಕ್ಕಳು ನಾ ಮುಂದು ತಾ ಮುಂದು ಅಂತ ಕೂಗಿ ಹೇಳ್ತಿದ್ರು. ಒಬ್ಬ ಹುಡುಗ ಎದ್ದು, ‘ಸತ್ತ ಕೋಳಿ ಯಾವ ಕಡೆ ಮಿಸ್?’ ಅಂದ. ಜೀವ ಇಲ್ವಲ್ಲ, ನಿರ್ಜೀವಿ ಅಂತ ಹೇಳಿ ಕಲ್ಲಿನ ಕೆಳಗೆ ಬರೆದೆ. ಎರಡನೇ ಕ್ಲಾಸಿನ ಒಂದು ಹುಡುಗಿ ಇದಾಳೆ. ಅವಳ ಅಜ್ಜಿ ತೀರಿಕೊಂಡು ಹದಿನೈದು ದಿನ ಆಗಿತ್ತು ಅಷ್ಟೆ. ಅವಳು ಮೆಲ್ಲಗೆ, ‘ಹಂಗಾರೆ ನಮ್ಮಜ್ಜಿನೂ ಕಲ್ಲೂ ಒಂದೇನಾ ಮಿಸ್?’ ಅಂದ್ಲು. ನನಗೆ ಉತ್ತರ ಹೊಳೀಲಿಲ್ಲ. ಬೋರ್ಡ್ ಒರೆಸಿಬಿಟ್ಟೆ.

ಮೇಷ್ಟ್ರು: ಒರೆಸಿದ್ದೇ ಸರಿ. ಆ ಮಗು ನಿನ್ನ ಪಟ್ಟಿ ಎಲ್ಲಿ ಸೋರುತ್ತೆ ಅಂತ ತೋರಿಸ್ತು. ತೊಡಕು ನಮ್ಮ ಮಾತಲ್ಲೇ ಇದೆ. ‘ನಿರ್ಜೀವ’ ಅನ್ನೋ ಒಂದೇ ಪದವನ್ನ ಹೆಣಕ್ಕೂ ಅಂತೀವಿ, ಬಂಡೆಗೂ ಅಂತೀವಿ. ಜೀವ ಹೋದದ್ದೂ ಅದೇ, ಜೀವ ಯಾವತ್ತೂ ಇಲ್ಲದ್ದೂ ಅದೇ. ದೊಡ್ಡವರಿಗೆ ಅದು ಅಡ್ಡಿಯಾಗಲ್ಲ. ಏಳು ವರ್ಷದ ಮಗುವಿಗೆ ಅದು ಅಜ್ಜಿಯ ಪ್ರಶ್ನೆ.

ಟೀಚರ್: ಮತ್ತೆ ಏನು ಮಾಡ್ಲಿ?

ಮೇಷ್ಟ್ರು: ಮೂರು ಗುಡ್ಡೆ ಮಾಡಿಸು. ಜೀವ ಇದೆ, ಜೀವ ಇತ್ತು, ಜೀವ ಇರಲೇ ಇಲ್ಲ. ಮಕ್ಕಳನ್ನ ಅಂಗಳಕ್ಕೆ ಬಿಟ್ಟು, ಕೈಗೆ ಸಿಕ್ಕಿದ್ದನ್ನ ಆಯ್ಕೊಂಡು ಬನ್ನಿ ಅನ್ನು. ಒಣಗಿದ ಎಲೆ, ಕಡ್ಡಿ, ಕೋಳಿ ಪುಕ್ಕ, ಬಸವನಹುಳದ ಚಿಪ್ಪು, ಕಾಗದದ ಚೂರು, ಇವೆಲ್ಲ ನಡುವಿನ ಗುಡ್ಡೆಗೆ ಬೀಳ್ತವೆ. ಹಾಕ್ಕೊಂಡಿರೋ ಅಂಗಿ ಹತ್ತಿಯದಾದ್ರೆ ಅದೂ ಅಲ್ಲಿಗೇ. ಎಚ್.ಡಿ. ಕೋಟೆ ಹೊಲದಲ್ಲಿ ಅರಳಿದ ಹತ್ತಿ ಅದಾಗಿರಬಹುದು ಅಂದ್ರೆ ಮಕ್ಕಳು ಅಂಗಿ ಮುಟ್ಟಿ ಮುಟ್ಟಿ ನೋಡ್ಕೋತಾರೆ. ಶಾಲೆ ಬಾಗಿಲು, ಮಣೆ, ಮರದ ಡಿಪೋದಲ್ಲಿ ಸಾಲಾಗಿ ಬಿದ್ದಿರೋ ದಿಮ್ಮಿ, ಎಲ್ಲ ‘ಇತ್ತು’. ಆ ಬ್ಯಾರನ್ನೊಳಗೆ ನೇತಾಡ್ತಿರೋ ಸೊಪ್ಪು ಮೊನ್ನೆವರೆಗೆ ಹೊಲದಲ್ಲಿ ಬಿಸಿಲಿಗೆ ಮುಖ ಮಾಡಿ ನಿಂತಿತ್ತು. ಇವತ್ತು ಅದಕ್ಕೆ ಜೀವ ಇಲ್ಲ. ಆದ್ರೆ ಅದು ಕಲ್ಲಲ್ಲ.

ಟೀಚರ್: ಪರೀಕ್ಷೆ ಹಾಳೇಲಿ ಎರಡೇ ಕಾಲಂ ಇರುತ್ತೆ ಸಾರ್.

ಮೇಷ್ಟ್ರು: ಮೂರು ಗುಡ್ಡೆ ಗೊತ್ತಿರೋ ಮಗುವಿಗೆ ಎರಡನ್ನ ಸೇರಿಸಿ ಬರೆಯೋದು ಐದು ನಿಮಿಷದ ಕೆಲಸ. ಎರಡೇ ಕಲಿತ ಮಗುವಿಗೆ ಮೂರನೆಯದು ಆಮೇಲೆ ಕಾಣೋದೇ ಕಷ್ಟ.

ಟೀಚರ್: ನಮ್ಮಲ್ಲಿ ಕಾರ್ಡು ಇವೆ, ಕಲಿಕಾ ಏಣಿ ಇದೆ. ಮೆಟ್ಟಿಲು ಹತ್ತಿಸಿಬಿಟ್ರೆ ಮುಗೀತು ಅಂತ ಎಷ್ಟೋ ಸಲ ಅನಿಸಿಬಿಡುತ್ತೆ. ನಲಿ–ಕಲಿ ಶುರುವಾದಾಗ ನೀವು ಕೋಟೇಲೇ ಇದ್ರಿ ಅಲ್ವಾ?

ಮೇಷ್ಟ್ರು: ಇದ್ದೆ. 1995. ಯುನಿಸೆಫ್ ನೆರವಿನಿಂದ ಮೊದಲು ಶುರುವಾಗಿದ್ದು ನಮ್ಮ ಎಚ್.ಡಿ. ಕೋಟೆ ತಾಲ್ಲೂಕಲ್ಲೇ. ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನ ನೋಡಿ ಬಂದ್ರು. ಒಂದೇ ಕೊಠಡೀಲಿ ಬೇರೆ ಬೇರೆ ವಯಸ್ಸಿನ ಮಕ್ಕಳು, ಪ್ರತಿಯೊಬ್ಬರಿಗೂ ಅವರವರ ನಡಿಗೆ. ಅದನ್ನ ನೋಡಿ ಬಂದವರು ನಮ್ಮ ಊರಿನ ಹಾಡು, ನಮ್ಮ ಮಾತು ಹಾಕಿ ಕಾರ್ಡು ಮಾಡಿದ್ರು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆಲ್ಲ ಹೋಯ್ತು. ಹಿಂದುಳಿದ ತಾಲ್ಲೂಕು ಅಂತ ಎಲ್ಲರೂ ಹೇಳ್ತಿದ್ದ ಕಡೆ ಮೇಷ್ಟ್ರುಗಳು ಕೂತು ಕಟ್ಟಿದ್ದು ಅದು. ಅದರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಟೀಚರ್: ಆದ್ರೂ ಈ ಪಾಠದಲ್ಲಿ ಕಾರ್ಡು ಕೈಕೊಡ್ತು.

ಮೇಷ್ಟ್ರು: ನನಗೂ ಕೊಟ್ಟಿತ್ತು. ಕಾಡಂಚಿನ ಶಾಲೆ. ಜೇನುಕುರುಬರ ಹಾಡಿಯ ಒಬ್ಬ ಹುಡುಗನ ಕೈಗೆ ಆನೆ ಚಿತ್ರದ ಕಾರ್ಡು ಕೊಟ್ಟು, ಜೀವಿನೋ ನಿರ್ಜೀವಿನೋ ಅಂದೆ. ಅವನು ಕಾರ್ಡನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದಕ್ಕೆ ಜೀವ ಇಲ್ಲ ಮೇಷ್ಟ್ರೇ, ಇದು ರಟ್ಟು’ ಅಂದ. ರಾತ್ರಿ ಹಾಡಿ ಪಕ್ಕಕ್ಕೆ ಆನೆ ಬಂದ್ರೆ ಉಸಿರು ಬಿಗಿಹಿಡಿದು ಮಲಗೋ ಮಗು ಅದು. ಆನೆ ಅಂದ್ರೆ ಏನು ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕಾರ್ಡಿನಿಂದ ಅಕ್ಷರ ಕಲಿಸಬಹುದು, ಲೆಕ್ಕ ಕಲಿಸಬಹುದು. ಜೀವ ಅನ್ನೋದು ಕಾರ್ಡಿಗೆ ಬರಲ್ಲ ಅಂತ ಅವತ್ತು ತಿಳೀತು.

ಟೀಚರ್: ಇನ್ನೊಂದು ಸಾರ್. ನಾಯಿ, ಬೆಕ್ಕು ಅಂದ್ರೆ ತಕ್ಷಣ ಜೀವಿ ಅಂತಾರೆ. ಮರ, ಹುಲ್ಲು ಅಂದ್ರೆ ಬಾಯಿಪಾಠದ ಹಾಗೆ ಜೀವಿ ಅಂತಾರೆ, ಮನಸ್ಸಲ್ಲಿ ಒಪ್ಪಿರಲ್ಲ.

ಮೇಷ್ಟ್ರು: ಯಾಕೆ ಒಪ್ತಾರೆ? ಪ್ರಾಣ ಇರೋದು ‘ಪ್ರಾಣಿ’ ಅಂತ ನಾವೇ ಹೇಳಿಕೊಟ್ಟಿದೀವಿ. ಮರ ಪ್ರಾಣಿ ಅಲ್ಲ. ಅಂದ ಮೇಲೆ ಮರಕ್ಕೆ ಪ್ರಾಣ ಇಲ್ಲ ಅಂತ ಮಗು ಲೆಕ್ಕ ಹಾಕುತ್ತೆ. ಆ ಲೆಕ್ಕದಲ್ಲಿ ತಪ್ಪೇನಿದೆ? ಹೀಬ್ರೂ ಮಾತಾಡೋ ಇಸ್ರೇಲಿನ ಮಕ್ಕಳ ಮೇಲೆ 1989ರಲ್ಲಿ ಒಂದು ಅಧ್ಯಯನ ಬಂತು. ಅಲ್ಲೂ ಗಿಡಕ್ಕೆ ಜೀವ ಇದೆ ಅಂತ ಒಪ್ಪೋ ಮಕ್ಕಳು ಕಡಿಮೆ. ಆ ಭಾಷೇಲೂ ಪ್ರಾಣಿಗೂ ಜೀವಕ್ಕೂ ಒಂದೇ ಬೇರಿನ ಪದ. ಇನ್ನು ನಮ್ಮ ವ್ಯಾಕರಣ ನೋಡು. ಹಸು ಬಂತು, ಬಸ್ಸು ಬಂತು, ಮಳೆ ಬಂತು, ಮೂರಕ್ಕೂ ಒಂದೇ ‘ಬಂತು’. ಸೂರ್ಯ ಮಾತ್ರ ಹುಟ್ಟಿದ, ಮುಳುಗಿದ. ಚಾರ್ಜ್ ಮುಗಿದ್ರೆ ಫೋನು ಸತ್ತೋಯ್ತು. ಮನೇಲಿ ದಿನಾ ಇದನ್ನೇ ಕೇಳೋ ಮಗು ಶಾಲೇಲಿ ಗೆರೆ ಹಾಕು ಅಂದ ಕೂಡ್ಲೆ ಎಲ್ಲಿ ಹಾಕುತ್ತೆ?

ಟೀಚರ್: ಹಾಗಾದ್ರೆ ಭಾಷೆನೇ ಅಡ್ಡ ಬರುತ್ತೆ ಅಂತೀರಾ?

ಮೇಷ್ಟ್ರು: ಪುಸ್ತಕದ ಭಾಷೆ ಅಡ್ಡ ಬರುತ್ತೆ. ಹೊಲದ ಭಾಷೆ ದಾರಿ ತೋರಿಸುತ್ತೆ. ನಿಮ್ಮ ಕೆ.ಆರ್. ನಗರದ ಕಡೆ ಭತ್ತ ನಾಟಿ ಮಾಡಿದ ಮೇಲೆ ಏನಂತಾರೆ?

ಟೀಚರ್: ಒಟ್ಲಿಂದ ಕಿತ್ತು ನೆಟ್ಟ ಮೇಲೆ ಮೂರ್ನಾಲ್ಕು ದಿನ ಪೈರು ಬಾಡಿದ ಹಾಗೆ ನಿಂತಿರುತ್ತೆ. ಆಮೇಲೆ ಅಪ್ಪ ಗದ್ದೆಯಿಂದ ಬಂದು, ‘ಪೈರು ಜೀವ ಹಿಡ್ಕೊಂತು’ ಅಂತಿದ್ರು. ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ ಸಾರ್!

ಮೇಷ್ಟ್ರು: ಜೀವ ಹಿಡಿಯೋದು! ಗಿಡಕ್ಕೆ ಜೀವ ಇದೆ ಅಂತ ನಿಮ್ಮಪ್ಪನಿಗೆ ಯಾವ ಪುಸ್ತಕವೂ ಹೇಳಬೇಕಾಗಿರಲಿಲ್ಲ. ಹಸಿ ಸೌದೆ, ಒಣ ಸೌದೆ ಅಂತ ಒಲೆ ಮುಂದೆ ಕೂತ ಮಗುವಿಗೂ ಗೊತ್ತು. ಬಿತ್ತನೆ ಭತ್ತನ ಉಪ್ಪು ನೀರಿಗೆ ಹಾಕಿದಾಗ ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ ಕಾಳು ಅಂತ ಗೊತ್ತು. ಈ ಮಾತುಗಳನ್ನ ಮೊದಲು ಬೋರ್ಡಿಗೆ ತಾ. ‘ಜೀವಿ’, ‘ನಿರ್ಜೀವಿ’ ಹಿಂದೆಯೇ ಬರ್ತವೆ.

ಟೀಚರ್: ಗೈಡುಗಳಲ್ಲಿ ಲಕ್ಷಣದ ಪಟ್ಟಿ ಇರುತ್ತೆ. ಚಲಿಸುತ್ತೆ, ಉಸಿರಾಡುತ್ತೆ, ತಿನ್ನುತ್ತೆ, ಬೆಳೆಯುತ್ತೆ, ಮರಿ ಮಾಡುತ್ತೆ. ಅದನ್ನ ಕಲಿಸಿದ್ರೆ ಸಾಲದಾ?

ಮೇಷ್ಟ್ರು: ಆ ಬ್ಯಾರನ್‌ನ ಒಲೆ ಕಡೆ ನೋಡು. ಐದಾರು ದಿನ ಹಗಲೂ ರಾತ್ರಿ ಅದಕ್ಕೆ ಸೌದೆ ಹಾಕ್ತಾನೇ ಇರಬೇಕು. ಗಾಳಿ ಬೇಕು, ಇಲ್ದಿದ್ರೆ ಉಸಿರು ಕಟ್ಟುತ್ತೆ. ತಿನ್ನುತ್ತೆ, ಬೆಳೆಯುತ್ತೆ, ಕುಣಿಯುತ್ತೆ. ಒಂದು ಕೊಳ್ಳಿಯಿಂದ ಇನ್ನೊಂದು ಒಲೆ ಹಚ್ಚಬಹುದು. ಕೊನೆಗೆ ನಂದಿಹೋಗುತ್ತೆ. ನಿನ್ನ ಪಟ್ಟಿಯ ಐದೂ ಪರೀಕ್ಷೇಲಿ ಬೆಂಕಿ ಪಾಸು. ಅಪ್ಪನ ಜೊತೆ ರಾತ್ರಿ ಎದ್ದು ಸೌದೆ ಹಾಕಿದ ಮಗು ‘ಒಲೆಗೆ ಹಸಿವು’ ಅಂದ್ರೆ ಅದು ಕಣ್ಣಾರೆ ಕಂಡಿದ್ದನ್ನೇ ಹೇಳ್ತಿದೆ.

ಟೀಚರ್: ಹೊಳೆನೂ ಅಷ್ಟೆ. ಲಕ್ಷ್ಮಣತೀರ್ಥ ಯಾರೂ ತಳ್ಳದೇ ತಾನೇ ಓಡುತ್ತೆ, ಮಳೆಗಾಲದಲ್ಲಿ ದಪ್ಪ ಆಗುತ್ತೆ, ಬೇಸಿಗೇಲಿ ಸೊರಗುತ್ತೆ ಅಂತಾರೆ. ಹುತ್ತ ವರ್ಷ ವರ್ಷ ಬೆಳೆಯುತ್ತೆ ಅಂತ ಒಬ್ಬ ವಾದ ಮಾಡಿದ.

ಮೇಷ್ಟ್ರು: ಹುತ್ತ ಒಳ್ಳೇ ಪಾಠ. ಅದು ತಾನಾಗಿ ಬೆಳೆಯಲ್ಲ, ಗೆದ್ದಲು ಕಟ್ಟುತ್ತೆ. ಮನೆ ಬೆಳೆದ್ರೆ ಮನೆಗೆ ಜೀವ ಬರಲ್ಲ, ಕಟ್ಟೋರಿಗೆ ಜೀವ ಇರುತ್ತೆ. ಈ ಮಕ್ಕಳು ಹೇಳೋದನ್ನೇ ಜಿನೀವಾದ ಮಕ್ಕಳೂ ಹೇಳಿದ್ರು. ಜೀನ್ ಪಿಯಾಜೆ 1920ರ ದಶಕದಲ್ಲಿ ಅವರ ಜೊತೆ ಕೂತು ಸೂರ್ಯ, ಮೋಡ, ಸೈಕಲ್ಲಿನ ಬಗ್ಗೆ ಹೀಗೇ ಕೇಳ್ತಾ ಹೋದ. ಚಿಕ್ಕವರಿಗೆ ಕೆಲಸಕ್ಕೆ ಬರೋದೆಲ್ಲ ಜೀವಿ. ಆಮೇಲೆ ಚಲಿಸೋದೆಲ್ಲ ಜೀವಿ. ಇನ್ನೂ ಆಮೇಲೆ ತಾನಾಗೇ ಚಲಿಸೋದು ಮಾತ್ರ ಜೀವಿ. ಕೊನೆಗೆ ಪ್ರಾಣಿ, ಗಿಡ ಅಂತ ನಿಲ್ತಾರೆ. ಪಿಯಾಜೆ ಮಕ್ಕಳ ತಿಳಿವಳಿಕೆಯನ್ನ ಸ್ವಲ್ಪ ಕಡಿಮೆ ಅಂದಾಜು ಮಾಡಿದ ಅಂತ ಆಮೇಲಿನವರು ತೋರಿಸಿದ್ರು. ಆದ್ರೆ ಅವನಿಂದ ಮೇಷ್ಟ್ರು ಕಲಿಯಬೇಕಾದ್ದು ಒಂದಿದೆ. ಮಗು ತಪ್ಪು ಹೇಳಿದಾಗ ಅವನು ತಿದ್ದೋಕೆ ಹೋಗಲಿಲ್ಲ. ‘ಯಾಕೆ ಹಾಗನ್ಸುತ್ತೆ?’ ಅಂತ ಇನ್ನೊಂದು ಪ್ರಶ್ನೆ ಕೇಳಿದ.

ಟೀಚರ್: ಸರಿ, ಬೆಂಕಿಗೂ ರಾಗಿಗೂ ಏನು ವ್ಯತ್ಯಾಸ ಅಂತ ಮಗುವೇ ಕೇಳಿದ್ರೆ?

ಮೇಷ್ಟ್ರು: ಬೆಂಕಿಗೆ ಬಾಲ್ಯ ಇಲ್ಲ ಅನ್ನು. ಸಣ್ಣ ಬೆಂಕಿ ಅಂದ್ರೆ ಸಣ್ಣ ಬೆಂಕಿ ಅಷ್ಟೆ. ರಾಗಿ ಹಾಗಲ್ಲ. ಕಾಳಾಗಿತ್ತು, ಮೊಳಕೆ ಆಯ್ತು, ಪೈರಾಯ್ತು, ತೆನೆ ಬಿಡ್ತು, ಮತ್ತೆ ಕಾಳಾಯ್ತು. ಸಗಣಿ ಗೊಬ್ಬರ ಹಾಕಿದ್ರೂ ರಾಗಿ, ಸರ್ಕಾರಿ ಗೊಬ್ಬರ ಹಾಕಿದ್ರೂ ರಾಗಿ. ತನ್ನ ವಂಶ ಬಿಡಲ್ಲ. ಬೆಂಕಿ ಬಿದ್ದಲ್ಲೆಲ್ಲ ಬಿದ್ದದ್ದರ ಹಾಗೆ ಉರಿಯುತ್ತೆ. ಇನ್ನೊಂದು, ಜೀವ ಇರೋದಕ್ಕೆ ಗಾಯ ಆದ್ರೆ ಮಾಯುತ್ತೆ. ಮೊಣಕಾಲು ತರಚಿಕೊಂಡ ಮಗು ತಾನೇ ಅದಕ್ಕೆ ಸಾಕ್ಷಿ. ಮಾವಿನ ಮರಕ್ಕೆ ಮಚ್ಚಿನ ಏಟು ಬಿದ್ದ ಕಡೆ ತೊಗಟೆ ಮತ್ತೆ ಕೂಡಿರೋದನ್ನ ಕೈಯಿಟ್ಟು ನೋಡಲಿ. ಬಸ್ಸಿನ ಗಾಜು ಒಡೆದ್ರೆ ಒಡೆದ ಹಾಗೇ ಇರುತ್ತೆ.

ಟೀಚರ್: ಇದನ್ನೆಲ್ಲ ಹೇಳೋದಕ್ಕಿಂತ ತೋರಿಸೋದು ಹೇಗೆ ಸಾರ್?

ಮೇಷ್ಟ್ರು: ಮೂರು ಕರಟ ತಗೋ. ಮೂರಕ್ಕೂ ಒಂದೇ ಅಂಗಳದ ಮಣ್ಣು ತುಂಬು. ಒಂದರಲ್ಲಿ ಹತ್ತು ಹಸಿ ಹುರುಳಿಕಾಳು, ಇನ್ನೊಂದರಲ್ಲಿ ಹತ್ತು ಹುರಿದ ಹುರುಳಿಕಾಳು, ಮೂರನೆಯದರಲ್ಲಿ ಹುರುಳಿಯಷ್ಟೇ ಗಾತ್ರದ ಹತ್ತು ಸಣ್ಣ ಕಲ್ಲು. ಕಾಳು, ಕಲ್ಲು ಮಣ್ಣಿನ ಮೇಲೆ ಕಾಣೋ ಹಾಗಿರಲಿ. ಮಕ್ಕಳೇ ದಿನಾ ಬೆಳಿಗ್ಗೆ ಅಂಗೈಯಲ್ಲಿ ಮೊಗೆದು ನೀರು ಚಿಮುಕಿಸಲಿ, ಮೂರಕ್ಕೂ ಸಮನಾಗಿ. ಮೊದಲನೇ ದಿನ ಮೂರೂ ಒಂದೇ. ಯಾವುದಕ್ಕೆ ಜೀವ ಇದೆ ಅಂತ ಕೇಳು. ಹಸಿ ಕಾಳಿಗೂ ಇಲ್ಲ ಅಂತಾರೆ, ಅದು ಅಲುಗಾಡಲ್ವಲ್ಲ. ಹಾಗಂದ್ರೆ ಹಾಗೇ ಬರೆದಿಡು.

ಟೀಚರ್: ಆಮೇಲೆ?

ಮೇಷ್ಟ್ರು: ಮಾರನೇ ದಿನ ಎರಡೂ ಕರಟದ ಕಾಳು ಉಬ್ಬುತ್ತೆ. ಉಬ್ಬಿದ ಮಾತ್ರಕ್ಕೆ ಜೀವ ಅಲ್ಲ ಅಂತ ಅಲ್ಲೇ ಕಲಿತಾರೆ. ಎರಡು ಮೂರು ದಿನಕ್ಕೆ ಹಸಿ ಕಾಳು ಸಿಪ್ಪೆ ಬಿರಿದು ಬಿಳೀ ಮೂಗು ಹೊರಗೆ ಹಾಕುತ್ತೆ. ಆ ಮೂಗು ಯಾರೂ ಹೇಳಿಕೊಡದೆ ಕೆಳಕ್ಕೆ ಬಾಗಿ ಮಣ್ಣು ಹುಡುಕುತ್ತೆ. ಒಂದೆರಡು ಕಾಳನ್ನ ತಲೆಕೆಳಗು ಮಾಡಿ ಇಡು. ಮಾರನೇ ದಿನ ಬೇರು ಮತ್ತೆ ಕೆಳಕ್ಕೇ ತಿರುಗಿರುತ್ತೆ. ಅವತ್ತು ತರಗತೀಲಿ ಎಂಥ ಗದ್ದಲ ಆಗುತ್ತೆ ನೋಡ್ತಿರು. ಹುರಿದ ಕಾಳಿನ ಮೇಲೆ ಅಷ್ಟರಲ್ಲಿ ನೂಲಿನ ಹಾಗೆ ಬೂಷ್ಟು ಕಟ್ಟೋಕೆ ಶುರುವಾಗಿರುತ್ತೆ. ಅದನ್ನ ಎಸೀಬೇಡ. ಅದೂ ಒಂದು ಜೀವ. ಜೀವ ಹೋದದ್ದನ್ನ ತಿಂದು ಬದುಕೋ ಜೀವ. ಮುಟ್ಟದೆ, ಮೂಸದೆ ದೂರದಿಂದ ನೋಡಲಿ ಅಷ್ಟೆ. ಕಲ್ಲಿನ ಮೇಲೆ ಏನೂ ಆಗಿರಲ್ಲ. ಒದ್ದೆ ಆಗಿರುತ್ತೆ.

ಟೀಚರ್: ಅಂದ್ರೆ ಹುರಿದ ಕಾಳೂ ಕಲ್ಲೂ ಒಂದೇ ಅಲ್ಲ ಅಂತ ಅವರಿಗೇ ಕಾಣುತ್ತೆ.

ಮೇಷ್ಟ್ರು: ಕಾಣುತ್ತೆ. ಹುರಿದ ಕಾಳು ಮಣ್ಣಿಗೆ ಸೇರುತ್ತೆ, ಇನ್ನೊಂದಕ್ಕೆ ಊಟ ಆಗುತ್ತೆ. ಮೊಟ್ಟೆಯೂ ಹಾಗೇ. ಶಾಲೇಲಿ ಬೇಯಿಸಿ ಕೊಡೋ ಮೊಟ್ಟೆ ಕೈಲಿ ಹಿಡಿದು, ಇದರಿಂದ ಮರಿ ಬರುತ್ತಾ ಅಂತ ಕೇಳು. ಫಾರಂ ಮೊಟ್ಟೆ ಕಾವಿಗೆ ಇಟ್ರೂ ಮರಿ ಆಗಲ್ಲ, ಅಲ್ಲಿ ಹುಂಜ ಇರಲ್ಲ ಅಂತ ಊರ ಮಕ್ಕಳೇ ನಿನಗೆ ಹೇಳ್ತಾರೆ. ನಾಟಿ ಕೋಳಿ 21 ದಿನ ಕಾವಿಗೆ ಕೂರುತ್ತೆ. ಆ ದಿನಗಳನ್ನ ತರಗತಿ ಗೋಡೆಯ ಹವಾಮಾನ ನಕ್ಷೆ ಪಕ್ಕದಲ್ಲೇ ಗುರುತು ಹಾಕ್ತಾ ಹೋಗಲಿ.

ಟೀಚರ್: ಇಷ್ಟು ದಿನ ಒಂದೇ ವಿಷಯಕ್ಕೆ ಕೊಡೋಕಾಗುತ್ತಾ ಅಂತ ಯೋಚನೆ.

ಮೇಷ್ಟ್ರು: ದಿನಕ್ಕೆ ಹತ್ತು ನಿಮಿಷ ಸಾಕು. ಜಪಾನಿನ ಕಯೋಕೊ ಇನಾಗಾಕಿ ಅನ್ನೋವರು 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಮನೇಲಿ ಗೋಲ್ಡ್ ಫಿಷ್ ಸಾಕಿದ ಐದಾರು ವರ್ಷದ ಮಕ್ಕಳನ್ನ ಕಪ್ಪೆ ಬಗ್ಗೆ ಕೇಳಿದ್ರೆ, ಮೀನು ಸಾಕದ ಮಕ್ಕಳಿಗಿಂತ ಚೆನ್ನಾಗಿ ಯೋಚಿಸಿ ಉತ್ತರ ಕೊಟ್ರು. ಒಂದು ಜೀವವನ್ನ ಸಾಕಿದ ಕೈ ಇನ್ನೊಂದು ಜೀವವನ್ನ ಊಹಿಸಬಲ್ಲದು. ನಮ್ಮ ಮಕ್ಕಳು ಮೇಕೆ ಮರಿಗೆ ಹಾಲು ಕುಡಿಸಿ, ಕರು ಹಾಕಿದ್ದನ್ನ ಪಕ್ಕದಲ್ಲಿ ನಿಂತು ನೋಡಿ ಬಂದಿರ್ತಾರೆ. ನಾವು ಅದನ್ನ ಬಾಗಿಲಲ್ಲೇ ಬಿಟ್ಟು ಬನ್ನಿ ಅಂದು ಒಳಗೆ ಕಾರ್ಡು ಕೊಡ್ತೀವಿ.

ಟೀಚರ್: ಹೊಗೆಸೊಪ್ಪಿನ ಸಸೀನೂ ತರಿಸಲಾ? ನಮ್ಮ ಮಕ್ಕಳಿಗೆ ಅದೇ ಹತ್ತಿರ.

ಮೇಷ್ಟ್ರು: ಹಸಿ ಸೊಪ್ಪು ಮಕ್ಕಳ ಕೈಗೆ ಬೇಡಮ್ಮ. ಒದ್ದೆ ಸೊಪ್ಪಿನ ನಿಕೋಟಿನ್ ಚರ್ಮದಿಂದಲೇ ಒಳಗಿಳಿಯುತ್ತೆ, ತಲೆ ಸುತ್ತಿ ವಾಂತಿ ಆಗುತ್ತೆ. ಆ ಗಿಡ ಹುಳದಿಂದ ತನ್ನನ್ನ ಕಾಪಾಡ್ಕೊಳ್ಳೋಕೆ ಬೇರಿನಲ್ಲಿ ತಯಾರಿಸಿ ಎಲೆಗೆ ಕಳಿಸೋ ವಿಷ ಅದು. ತನ್ನ ಜೀವ ಉಳಿಸ್ಕೊಳ್ಳೋಕೆ ಗಿಡ ಏನೆಲ್ಲ ಮಾಡುತ್ತೆ ಅಂತ ಬಾಯಲ್ಲಿ ಹೇಳು, ಸಾಕು. ಆದ್ರೆ ನಿನಗೆ, ಮೇಷ್ಟ್ರಾದವರಿಗೆ, ಹೊಗೆಸೊಪ್ಪು ಇನ್ನೊಂದು ಪಾಠ ಇಟ್ಕೊಂಡಿದೆ. ಎಲೆ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆ ಬೀಳೋ ರೋಗ ನೋಡಿದೀಯಲ್ಲ?

ಟೀಚರ್: ಮೊಸಾಯಿಕ್ ಅಂತಾರಲ್ಲ, ಅದಾ?

ಮೇಷ್ಟ್ರು: ಅದೇ. 1892ರಲ್ಲಿ ರಷ್ಯಾದ ಇವನೋವ್‌ಸ್ಕಿ ರೋಗದ ಎಲೆ ರಸವನ್ನ ಬ್ಯಾಕ್ಟೀರಿಯಾನೂ ದಾಟದ ಸೋಸುಕದಲ್ಲಿ ಸೋಸಿದ. ಸೋಸಿದ ರಸವೂ ರೋಗ ಹರಡ್ತು. 1898ರಲ್ಲಿ ಹಾಲೆಂಡಿನ ಬೈಯರಿಂಕ್ ಅದನ್ನ ಜೀವ ಇರೋ ದ್ರವ ಅಂತ ಕರೆದ. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಆ ರಸದಲ್ಲಿದ್ದ ವೈರಸ್ಸನ್ನ ಹರಳು ಮಾಡಿ ತೋರಿಸಿದ. ಸೀಸೇಲಿ ಇಟ್ರೆ ಉಪ್ಪಿನ ಹಾಗೆ ಸುಮ್ಮನಿರುತ್ತೆ. ಎಲೆಗೆ ಉಜ್ಜಿದ್ರೆ ಎದ್ದು ಕೂತು ತನ್ನಂಥವೇ ಲಕ್ಷಾಂತರ ಮಾಡಿಸ್ಕೊಳ್ಳುತ್ತೆ. ಜೀವಿನೋ ನಿರ್ಜೀವಿನೋ ಅಂತ ಇವತ್ತಿಗೂ ವಿಜ್ಞಾನಿಗಳು ಒಂದೇ ಮಾತಲ್ಲಿ ಹೇಳಲ್ಲ. ಹುಣಸೂರು, ಪಿರಿಯಾಪಟ್ಟಣದ ರೈತರು ಬೈಕೊಂಡು ಕಿತ್ತೆಸೆಯೋ ಎಲೆಯ ಮೇಲೇ ಆ ಗೆರೆ ಅಳಿಸಿಹೋಗಿದೆ. ಇದನ್ನ ಮಕ್ಕಳಿಗೆ ಹೇಳಬೇಕಾಗಿಲ್ಲ. ಆದ್ರೆ ಇದು ಗೊತ್ತಿರೋ ಟೀಚರ್, ಮಗು ಗೆರೆ ಮೇಲೆ ನಿಂತು ಪ್ರಶ್ನೆ ಕೇಳಿದಾಗ ಗದರಿಸಲ್ಲ.

ಟೀಚರ್: ಇನ್ನೊಂದು ಪ್ರಶ್ನೆಗೆ ನಾನು ಹೆದರ್ತೀನಿ ಸಾರ್. ಇಲ್ಲಿ ಪಿರಿಯಾಪಟ್ಟಣದ ಮಗು, ‘ನಮ್ಮೂರ ದೇವಿ ಮಸಣಿಕಮ್ಮ ಜೀವಿನಾ ನಿರ್ಜೀವಿನಾ?’ ಅಂತ ಕೇಳಿದ್ರೆ?

ಮೇಷ್ಟ್ರು: ಹೆದರಬೇಡ. ಕಲ್ಲು ಕಲ್ಲೇ, ಅದು ಬೆಳೆಯಲ್ಲ, ಉಸಿರಾಡಲ್ಲ. ತಾಯಿ ಅಂತ ಕೈ ಮುಗಿಯೋದು ನಮ್ಮ ಮನಸ್ಸು, ಅದು ಬೇರೆ ಪ್ರಶ್ನೆ, ಅದನ್ನ ಮನೇಲಿ ಅಜ್ಜಿ ತಾತನ ಹತ್ರ ಕೇಳು ಅನ್ನು. ಆಯುಧಪೂಜೆಗೆ ಟ್ರ್ಯಾಕ್ಟರ್ ತೊಳೆದು ಕುಂಕುಮ ಇಡ್ತೀವಿ. ಸಂಕ್ರಾಂತಿಗೆ ಎತ್ತಿನ ಮೈ ತೊಳೆದು ಕಿಚ್ಚು ಹಾಯಿಸ್ತೀವಿ. ಎರಡಕ್ಕೂ ಮರ್ಯಾದೆ ಇದೆ. ಆದ್ರೆ ಕಿಚ್ಚಿನ ಮುಂದೆ ಬೆದರೋದು ಎತ್ತು ಮಾತ್ರ, ಸಂಜೆ ಮೇವು ಹಾಕದಿದ್ರೆ ಕೂಗೋದೂ ಎತ್ತು ಮಾತ್ರ. ಟ್ರ್ಯಾಕ್ಟರನ್ನ ಶೆಡ್ಡಲ್ಲಿ ಬಿಟ್ಟು ತಿಂಗಳು ಊರಿಗೆ ಹೋಗಬಹುದು, ಎತ್ತನ್ನ ಬಿಟ್ಟು ಒಂದು ದಿನ ಹೋಗೋಕಾಗಲ್ಲ. ಮಗುವಿಗೆ ಇದಕ್ಕಿಂತ ಒಳ್ಳೇ ವ್ಯಾಖ್ಯೆ ನನಗೆ ಗೊತ್ತಿಲ್ಲ.

ಟೀಚರ್: ಅಂದ್ರೆ ಜೀವ ಇರೋದನ್ನ ನಾವು ಕಾಯಬೇಕು.

ಮೇಷ್ಟ್ರು: ನಮ್ಮ ಕನ್ನಡದಲ್ಲಿ ಆ ಪದ ಎಷ್ಟು ಚೆನ್ನಾಗಿದೆ ನೋಡು. ದನ ಕಾಯ್ತೀವಿ, ಹೊಲ ಕಾಯ್ತೀವಿ. ಮಳೆಗೆ ಕಾಯ್ತೀವಿ, ಮೊಳಕೆಗೆ ಕಾಯ್ತೀವಿ. ನೋಡಿಕೊಳ್ಳೋದೂ ಅದೇ, ದಾರಿ ನೋಡೋದೂ ಅದೇ. ಮೂರು ಕರಟದ ಮುಂದೆ ಮಗು ಎರಡನ್ನೂ ಕಲಿಯುತ್ತೆ. ಹಸಿ ಕಾಳಿಗೆ ನೀರು ಹಾಕಿ ಕಾಯುತ್ತೆ, ಯಾವಾಗ ಬರುತ್ತೋ ಅಂತ ಕಾಯುತ್ತೆ.

ಟೀಚರ್: ಸಾರ್... ಆ ಹುಡುಗಿಗೆ ಏನು ಹೇಳ್ಲಿ?

ಮೇಷ್ಟ್ರು: ಅವಳ ಅಜ್ಜಿ ಸಂಜೆ ಹೊತ್ತು ಎಲ್ಲಿ ಕೂತಿರ್ತಿದ್ರು, ಗೊತ್ತಾ?

ಟೀಚರ್: ಬಸ್ ಸ್ಟ್ಯಾಂಡ್ ಪಕ್ಕದ ಕಟ್ಟೆ ಮೇಲೆ. ಮೊಮ್ಮಗಳು ಶಾಲೆ ಬಿಟ್ಟು ಬರೋದನ್ನೇ ನೋಡ್ಕೊಂಡು. ನಾನೇ ಎಷ್ಟೋ ದಿನ ಕಂಡಿದೀನಿ.

ಮೇಷ್ಟ್ರು: ಹಾಗಿದ್ರೆ ಅದನ್ನೇ ಹೇಳು. ಆ ಕಟ್ಟೆಯ ಕಲ್ಲು ಇವತ್ತೂ ಅಲ್ಲೇ ಇದೆ, ಆದ್ರೆ ಅದು ಯಾವತ್ತೂ ನಿನಗೋಸ್ಕರ ಕಾದಿಲ್ಲ. ನಿಮ್ಮಜ್ಜಿ ದಿನಾ ಕಾದಿದ್ರು. ಅಜ್ಜಿಗೆ ಜೀವ ಇತ್ತು. ಅಜ್ಜಿ ಕಲ್ಲಲ್ಲ ಕಂದಾ ಅಂತ ಹೇಳು. ಎಲ್ಲರ ಮುಂದೆ ಬೇಡ, ಪಕ್ಕದಲ್ಲಿ ಕೂರಿಸ್ಕೊಂಡು ಹೇಳು.

ಟೀಚರ್: ಹೇಳ್ತೀನಿ ಸಾರ್. ನಾಳೆ ಮೊದಲನೇ ಕರಟಕ್ಕೆ ಅವಳ ಕೈಲೇ ನೀರು ಹಾಕಿಸ್ತೀನಿ. ನಿಮ್ಮನೇಲಿ ಕರಟ ಇದ್ರೆ ಮೂರು ಕೊಡಿ. ಹುರುಳಿ ನಮ್ಮನೇದೇ ಇದೆ.